ಸೊನ್ನೆಯ ಕೆಳಗಿನ ಐದು ಲೀಟರ್

ನಮ್ಮ ಮನೆಯಲ್ಲಿ ನಿಜ ಹೇಳುವ ಯಂತ್ರ ಒಂದೂ ಇಲ್ಲ. ಇದು ಕೋಪದಿಂದ ಹೇಳುತ್ತಿರುವ ಮಾತಲ್ಲ. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕೂತು ಕರಡು ತಿದ್ದಿದವನ ತಣ್ಣನೆಯ ಅಭಿಪ್ರಾಯ. ಹಜಾರದ ಗಡಿಯಾರ ಹತ್ತು ನಿಮಿಷ ಮುಂದಿದೆ. ಬಚ್ಚಲುಮನೆಯ ತೂಕದ ಯಂತ್ರ ಹತ್ತಿದವರಿಗೆಲ್ಲ ಎರಡು ಕಿಲೋ ದಾನ ಮಾಡುತ್ತದೆ. ಔಷಧಿ ಡಬ್ಬಿಗಳ ಮೇಲೆ ಅಚ್ಚಾದ ಕೊನೆಯ ತಾರೀಕನ್ನು ಹೊಡೆದು, ಅದಕ್ಕಿಂತ ಎರಡು ತಿಂಗಳು ಹಿಂದಿನ ತಾರೀಕನ್ನು ಪೆನ್ನಿನಲ್ಲಿ ಬರೆದಿರುತ್ತದೆ. (ಅಚ್ಚಾದದ್ದನ್ನು ಪೆನ್ನಿನಲ್ಲಿ ತಿದ್ದುವ ಅಧಿಕಾರ ಈ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಆದರೆ ನನ್ನನ್ನು ಕೇಳುವವರು ಯಾರು?)

ಇವು ಯಾವುವೂ ತಾವಾಗಿ ಕೆಟ್ಟವಲ್ಲ, ಬೇಕೆಂದೇ ಕೆಡಿಸಿದವು. ಎಲ್ಲದರ ಮೂಲಪುರುಷರು ನಮ್ಮ ಮಾವ. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವರು, ಈಗ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಮನುಷ್ಯನ ಕೈಗೆ ಪೂರ್ತಿ ಸತ್ಯ ಕೊಡಬಾರದು, ಕೊಟ್ಟರೆ ಅದರ ತುದಿಯವರೆಗೂ ಹೋಗಿ ಬೀಳುತ್ತಾನೆ ಎಂಬುದು ಅವರ ಸಿದ್ಧಾಂತ. ಮಗಳು ಅಪ್ಪನ ಪಡಿಯಚ್ಚು. ನನ್ನ ಹೆಂಡತಿ ಮನೆಯ ಹಜಾರದಲ್ಲೇ ಮೂರು ಮಿಷಿನ್ ಹಾಕಿಕೊಂಡು ಹೊಲಿಗೆ ಅಂಗಡಿ ನಡೆಸುತ್ತಾಳೆ. ಯಾರ ಅಳತೆ ತೆಗೆದುಕೊಂಡರೂ ಹೊಲಿಗೆಯ ಒಳಗೆ ಒಂದು ಇಂಚು ಬಟ್ಟೆ ಹೆಚ್ಚಿಗೆ ಮಡಚಿಡುತ್ತಾಳೆ.

"ಅಳತೆ ಅಂದ್ರೆ ಅಳತೆ. ಒಂದಿಂಚು ಯಾಕೆ ಬಿಡ್ತೀಯಾ?" ಎಂದು ಒಮ್ಮೆ ಕೇಳಿದ್ದೆ.

"ಮನುಷ್ಯ ಅಂದ್ಮೇಲೆ ಊದ್ತಾನೆ ಕಣ್ರೀ," ಎಂದಿದ್ದಳು, ನನ್ನ ಹೊಟ್ಟೆಯ ಕಡೆ ನೋಡಿ.

ಇಂಥ ವಂಶದಿಂದ ನನಗೆ ಬಳುವಳಿಯಾಗಿ ಬಂದದ್ದು ಒಂದು ಕಾರು. ನನ್ನ ಹೆಂಡತಿಗಿಂತ ಎರಡು ವರ್ಷ ದೊಡ್ಡದು, ಗುಂಡು ಕಣ್ಣು, ದಪ್ಪ ಕೆನ್ನೆ, ಮಾಸಿದ ಹಸಿರು ಮೈ. ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಮದುವೆಯಾದಾಗ ಮಾವ ಅದರ ಕೀಲಿಕೈಯನ್ನು ನನ್ನ ಅಂಗೈ ಮೇಲಿಟ್ಟಿದ್ದರು. ಅಂದಿನಿಂದ ಈ ವರ್ಷದವರೆಗೆ ಅದರ ಪೆಟ್ರೋಲ್ ಮುಳ್ಳು ಒಂದು ದಿನವೂ ಸರಿಯಾದ ಜಾಗದಲ್ಲಿ ನಿಂತದ್ದು ನನಗೆ ನೆನಪಿಲ್ಲ. ಟ್ಯಾಂಕ್ ಕಂಠದವರೆಗೆ ತುಂಬಿಸಿದರೂ ಮುಳ್ಳು ಮುಕ್ಕಾಲಿಗೆ ಬಂದು ಸುಸ್ತಾಗಿ ನಿಲ್ಲುತ್ತಿತ್ತು. ಪಕ್ಕದ ಬಿಸಿ ತೋರಿಸುವ ಮುಳ್ಳಂತೂ ಎಂಜಿನ್ ಎಷ್ಟು ಓಡಿದರೂ ಕೆಳಗೇ ಮುದುರಿಕೊಂಡಿರುತ್ತಿತ್ತು. ಹಾಗೆಂದು ಕಾರಿನಲ್ಲಿ ಔದಾರ್ಯ ಇರಲಿಲ್ಲವೆಂದಲ್ಲ. ಪೆಟ್ರೋಲ್ ಮುಳ್ಳು ಸೊನ್ನೆ ಮುಟ್ಟಿದ ಮೇಲೂ ಅದು ನಲವತ್ತು ಕಿಲೋಮೀಟರ್ ಓಡುತ್ತಿತ್ತು. ತಯಾರಿಸಿದ ಕಂಪನಿಯವರು ಸೊನ್ನೆಯ ಕೆಳಗೆ ಐದು ಲೀಟರ್ ರಿಸರ್ವ್ ಇಟ್ಟಿದ್ದಾರೆ ಎಂದು ನಾನು ತಿಳಿದಿದ್ದೆ. ನೆಂಟರಿಷ್ಟರ ಮುಂದೆ ಆ ಕಾಲದ ಕಂಪನಿಗಳ ದೂರದೃಷ್ಟಿಯನ್ನು ಕೊಂಡಾಡಿಯೂ ಇದ್ದೆ.

ಮುಳ್ಳಿನ ಮುಕ್ಕಾಲು ಸತ್ಯವನ್ನು ಹತ್ತೊಂಬತ್ತು ವರ್ಷ ಹೊಟ್ಟೆಗೆ ಹಾಕಿಕೊಂಡವನಿಗೆ ಈ ವರ್ಷ ಜ್ಞಾನೋದಯವಾಯಿತು. ಹಳೇ ಕಾರು ಸಾಕುವವರಿಗಾಗಿಯೇ ಬರುವ ಪತ್ರಿಕೆಯೊಂದನ್ನು ಹಳೇ ಪುಸ್ತಕದಂಗಡಿಯಲ್ಲಿ ತಿರುವಿಹಾಕುತ್ತಿದ್ದೆ. (ಪುಟಕ್ಕೆ ಮೂರು ಅಚ್ಚಿನ ತಪ್ಪು, ವಿಷಯ ಮಾತ್ರ ಚಿನ್ನ.) ಪೆಟ್ರೋಲ್ ಮುಳ್ಳು, ಬಿಸಿ ಮುಳ್ಳು ಎರಡೂ ಒಟ್ಟಿಗೆ ಸುಳ್ಳು ಹೇಳುತ್ತಿದ್ದರೆ ಅವುಗಳ ಮೇಲೆ ಸಿಟ್ಟಾಗಬೇಡಿ, ಅವಕ್ಕೆ ಕರೆಂಟ್ ಕೊಡುವವನನ್ನು ಹಿಡಿಯಿರಿ ಎಂದು ಅದರಲ್ಲಿ ಬರೆದಿತ್ತು. ಡ್ಯಾಶ್‌ಬೋರ್ಡಿನ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ತಗಡಿನ ಡಬ್ಬಿ ಇರುತ್ತದಂತೆ. ಅದರ ಹೆಸರು ವೋಲ್ಟೇಜ್ ರೆಗ್ಯುಲೇಟರ್. ಬ್ಯಾಟರಿ ಹನ್ನೆರಡು ವೋಲ್ಟ್ ಕೊಟ್ಟರೂ ಹದಿನಾಲ್ಕು ಕೊಟ್ಟರೂ ಇದು ಮುಳ್ಳುಗಳಿಗೆ ಹತ್ತನ್ನೇ ಬಿಡಬೇಕು. ಒಳಗೊಂದು ತೆಳ್ಳನೆಯ ಪಟ್ಟಿ ಕಾದು ಬಾಗುತ್ತದೆ, ಕರೆಂಟ್ ಕಡಿಯುತ್ತದೆ, ಆರಿ ನೆಟ್ಟಗಾಗುತ್ತದೆ, ಮತ್ತೆ ಕರೆಂಟ್ ಬಿಡುತ್ತದೆ. ಇಡೀ ಪ್ರಯಾಣ ಟಿಕ್, ಟಿಕ್ ಎಂದು ಇದೇ ಕೆಲಸ. ಡಬ್ಬಿಗೆ ವಯಸ್ಸಾದರೆ ಹತ್ತರ ಬದಲು ಎಂಟು ಬಿಡುತ್ತದೆ, ಮುಳ್ಳುಗಳು ಸೊರಗುತ್ತವೆ. ಪರಿಹಾರ, ಎಂದಿತ್ತು ಪತ್ರಿಕೆ, ಪಟ್ಟಿಯನ್ನು ಕಿತ್ತುಹಾಕಿ ಅದೇ ಡಬ್ಬಿಯೊಳಗೆ ಉಗುರಿನಷ್ಟು ಗಾತ್ರದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂರಿಸುವುದು. ಅದಕ್ಕೆ ಮುಪ್ಪಿಲ್ಲ, ಟಿಕ್ ಟಿಕ್ ಇಲ್ಲ, ಹತ್ತು ಅಂದರೆ ಹತ್ತು.

ನನ್ನ ಇಡೀ ಜೀವನದಲ್ಲಿ ಒಂದು ಯಂತ್ರದ ಬಗ್ಗೆ ಇಷ್ಟು ಗೌರವ ಮೂಡಿದ್ದು ಅದೇ ಮೊದಲು. ಆ ವಾರವೇ ತರಿಸಿಕೊಂಡೆ.

"ರೀ, ಗುರುವಾರ ಆಸ್ಪತ್ರೆಗೆ ಹೋಗಿ ಬರೋವರೆಗೂ ಆ ಕಾರಿನ ತಂಟೆಗೆ ಹೋಗ್ಬೇಡಿ," ಎಂದಳು ಹೆಂಡತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಎರಡು ವೈರ್ ಬಿಚ್ಚೋದು, ಎರಡು ವೈರ್ ಹಾಕೋದು. ಅಷ್ಟೇ ಕಣೇ."

"ನೀವು ಬಿಚ್ಚಿದ್ದನ್ನ ನೋಡಿದೀನಿ. ಹಾಕಿದ್ದನ್ನ ನೋಡಿಲ್ಲ. ಮಿಕ್ಸಿ ಇನ್ನೂ ಅಟ್ಟದ ಮೇಲೆ ಮೂರು ತುಂಡಾಗಿ ಕೂತಿದೆ."

ಗುರುವಾರದ ವಿಷಯ ಸಣ್ಣದಾಗಿರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಊರಿನ ಆಚೆ ತುದಿಯ ದೊಡ್ಡ ಆಸ್ಪತ್ರೆಯವರು ತಮ್ಮ ನರ್ಸುಗಳಿಗೆ, ಆಯಾಗಳಿಗೆ, ವಾರ್ಡಿನವರಿಗೆ ಸಮವಸ್ತ್ರ ಹೊಲಿಯುವವರನ್ನು ಹುಡುಕುತ್ತಿದ್ದರು. ಮೂರು ವರ್ಷದ ಕೆಲಸ. ಮಾದರಿಗೆಂದು ಆರು ಜೊತೆ ಹೊಲಿದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಒಪ್ಪಿಸಬೇಕು, ಹನ್ನೊಂದಾದ ಮೇಲೆ ಬಾಗಿಲು ಮುಚ್ಚುತ್ತಾರೆ. ನನ್ನ ಹೆಂಡತಿಯ ಜೊತೆ ಇಬ್ಬರು ಹೆಂಗಸರು ಕೆಲಸ ಮಾಡುತ್ತಾರೆ. ಈ ಆರ್ಡರ್ ಬಾರದಿದ್ದರೆ ತಿಂಗಳ ಕೊನೆಗೆ ಅವರನ್ನು ಮನೆಗೆ ಕಳಿಸಬೇಕಾಗಿತ್ತು. ಅವರಿಗೆ ಆ ಮಾತು ಹೇಗೆ ಹೇಳುವುದೆಂದು ಅವಳು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದುದನ್ನು ನಾನು ಒಂದು ದಿನ ನೋಡಿದ್ದೆ. ಒಂದು ವಾರದಿಂದ ಮೂವರೂ ಗುಂಡಿಯ ಕಾಜಾ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಬೆರಳ ತುದಿ ಕೆಂಪಗೆ ಮಾಡಿಕೊಂಡಿದ್ದರು.

ಇಂಥ ದೊಡ್ಡ ದಿನಕ್ಕೆ ಸುಳ್ಳು ಹೇಳುವ ಕಾರಿನಲ್ಲಿ ಹೋಗುವುದೇ? ನನ್ನ ಆತ್ಮಸಾಕ್ಷಿ ಒಪ್ಪಲಿಲ್ಲ. ಮಂಗಳವಾರ ಮಧ್ಯಾಹ್ನ ಮಿಷಿನ್‌ಗಳು ಜೋರಾಗಿ ಓಡುತ್ತಿದ್ದ ಹೊತ್ತು ನೋಡಿಕೊಂಡು ಶೆಡ್ಡಿಗೆ ಹೋದೆ.

ಡ್ಯಾಶ್‌ಬೋರ್ಡಿನ ಕೆಳಗೆ ಮನುಷ್ಯನ ತಲೆ ಹೋಗುತ್ತದೆ, ಹೊರಗೆ ಬರುವುದು ಮಾತ್ರ ತಲೆಯ ಇಷ್ಟಕ್ಕೆ ಬಿಟ್ಟಿದ್ದಲ್ಲ. ಕಾಲೆರಡನ್ನೂ ಹಿಂದಿನ ಸೀಟಿನ ಮೇಲೆ ಹಾಕಿ, ಬೆನ್ನನ್ನು ಗೇರ್ ಕೋಲಿಗೆ ಒಪ್ಪಿಸಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಮಲಗಿದೆ. ಡಬ್ಬಿ ಸಿಕ್ಕಿತು. ಅದರ ನೆತ್ತಿಯ ಮೇಲೆ ಒಂದು ಪುಟ್ಟ ತಿರುಪು, ತಿರುಪಿನ ತಲೆಗೆ ಒಂದು ತೊಟ್ಟು ಕೆಂಪು ಉಗುರುಬಣ್ಣ. ಯಾರೋ ಅರೆಬರೆ ಮೆಕ್ಯಾನಿಕ್ ಕೈಯಾಡಿಸಿ ಹೋಗಿದ್ದಾನೆ ಎಂದುಕೊಂಡು ಆ ಅನಾಮಿಕನನ್ನು ಟಾರ್ಚ್ ಕಚ್ಚಿದ ಹಲ್ಲಿನ ಸಂದಿಯಿಂದಲೇ ಬೈದೆ. ಡಬ್ಬಿ ಕಳಚಿ ತಂದು, ಒಳಗಿನ ಪಟ್ಟಿ ಕಿತ್ತು, ಹೊಸದನ್ನು ಬೆಸುಗೆ ಹಾಕಿ ಕೂರಿಸಿ ಮುಚ್ಚಿದೆ. ಹೊರಗಿನ ತಿರುಪನ್ನು ಅಂದಕ್ಕೆಂದು ಹಾಗೇ ಬಿಟ್ಟೆ. ಈಗ ಅದು ಯಾವುದಕ್ಕೂ ತಾಗುತ್ತಿರಲಿಲ್ಲ, ನಿವೃತ್ತರಾದ ಹಿರಿಯರ ಹಾಗೆ ಸುಮ್ಮನೆ ಕೂತಿತ್ತು. (ನನ್ನ ಹಾಗೆ ಎಂದೂ ಹೇಳಬಹುದು.)

ಕೀಲಿ ತಿರುಗಿಸಿದೆ. ಕಾಲು ಟ್ಯಾಂಕ್ ತೋರಿಸುತ್ತಿದ್ದ ಮುಳ್ಳು ಮೆಲ್ಲಗೆ ಎದ್ದು, ಅರ್ಧದ ಗೆರೆಯ ಹತ್ತಿರ ಹೋಗಿ ನಿಂತಿತು. ಟಿಕ್ ಟಿಕ್ ಇಲ್ಲ. ಹತ್ತೊಂಬತ್ತು ವರ್ಷದ ದೋಷಕ್ಕೆ ಒಪ್ಪೋಲೆ (ಪ್ರೆಸ್ಸಿನವರ ಮಾತಿನಲ್ಲಿ ತಪ್ಪು-ಒಪ್ಪು ಪಟ್ಟಿ) ಬಿದ್ದಿತ್ತು.

ಹೆಂಡತಿಯನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಅವಳು ಮುಳ್ಳನ್ನು ನೋಡಿದಳು, ನನ್ನ ಹಣೆಯ ಮೇಲಿನ ಗ್ರೀಸನ್ನು ನೋಡಿದಳು.

"ಅಂದ್ರೆ ಪೆಟ್ರೋಲ್ ಜಾಸ್ತಿ ಆಯ್ತಾ?"

"ಪೆಟ್ರೋಲ್ ಅಷ್ಟೇ ಇದೆ. ಸತ್ಯ ಜಾಸ್ತಿ ಆಯ್ತು."

"ಸರಿ, ಬುಧವಾರ ಟ್ಯಾಂಕ್ ತುಂಬಿಸಿಬಿಡಿ," ಎಂದು ಹೇಳಿ ಹೋದಳು. ಕಲಾಭಿರುಚಿ ಇಲ್ಲದ ಹೆಂಗಸು.

ಬುಧವಾರ ನಾನು ಟ್ಯಾಂಕ್ ತುಂಬಿಸಲಿಲ್ಲ. ಬದಲಿಗೆ ಕಾರನ್ನು ಹಳೇ ಪ್ರೆಸ್ಸಿಗೆ ಒಯ್ದು ಮಾಜಿ ಸಹೋದ್ಯೋಗಿಗಳಿಗೆ ಮುಳ್ಳು ತೋರಿಸಿದೆ, ಪುಸ್ತಕದಂಗಡಿಯವನಿಗೆ ತೋರಿಸಿದೆ, ಕ್ಷೌರದಂಗಡಿಯ ಮುಂದೆ ನಿಲ್ಲಿಸಿ ಸೋಪು ಹಚ್ಚಿಸಿಕೊಂಡ ಇಬ್ಬರನ್ನು ಹೊರಗೆ ಕರೆದು ತೋರಿಸಿದೆ. ಮುಳ್ಳು ನಿಜ ಹೇಳುತ್ತಿದೆಯೆಂಬುದು ಪ್ರತಿ ಭೇಟಿಗೂ ಅದು ಒಂದಿಷ್ಟು ಇಳಿಯುತ್ತಿದ್ದುದರಿಂದಲೇ ಸಾಬೀತಾಗುತ್ತಿತ್ತು. ಊರೆಲ್ಲ ಸುತ್ತಿ ರಾತ್ರಿ ಮನೆಗೆ ಬರುವಷ್ಟರಲ್ಲಿ ಅದು ಕಾಲಿಗಿಂತ ಕೆಳಗಿತ್ತು.

ಗುರುವಾರ ಹಜಾರದ ಗಡಿಯಾರ ಒಂಬತ್ತೂ ಮುಕ್ಕಾಲು ತೋರಿಸುವಾಗ (ಒಂಬತ್ತೂ ಮೂವತ್ತೈದಕ್ಕೆ ಎಂದು ಓದಿಕೊಳ್ಳಿ) ಹೊರಟೆವು. ಆರು ಜೊತೆ ಸಮವಸ್ತ್ರ ಇಸ್ತ್ರಿ ಕೆಡದ ಹಾಗೆ ಹಿಂದಿನ ಸೀಟಿನಲ್ಲಿ ನೇತಾಡುತ್ತಿದ್ದವು. ನನ್ನ ಹೆಂಡತಿ ಅವುಗಳ ಕಡೆಗೇ ತಿರುಗಿ ಕೂತಿದ್ದಳು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮುಂದೆ ತಿರುಗಿ ಡ್ಯಾಶ್‌ಬೋರ್ಡ್ ನೋಡಿ ಚೀರಿದಳು.

"ರೀ! ಎಂಜಿನ್ ಬಿಸಿಯಾಗಿದೆ! ಮುಳ್ಳು ಮಧ್ಯಕ್ಕೆ ಬಂದಿದೆ!"

"ಅದು ಮಧ್ಯದಲ್ಲೇ ಇರಬೇಕು."

"ಹತ್ತೊಂಬತ್ತು ವರ್ಷ ಕೆಳಗಿತ್ತು!"

"ಹತ್ತೊಂಬತ್ತು ವರ್ಷ ಸುಳ್ಳು ಹೇಳ್ತಿತ್ತು. ಜ್ವರ ಆಗಲೂ ಇಷ್ಟೇ ಇತ್ತು, ಥರ್ಮಾಮೀಟರ್ ಈಗ ಸರಿ ಹೋಗಿದೆ. ಮುಳ್ಳನ್ನ ನಂಬಬೇಕು ಕಣೇ."

"ನಿಮ್ಮ ಮುಳ್ಳನ್ನ ನಂಬಿದ್ರೆ ಎಂಜಿನ್ ಬಿಸಿಯಾಗಿದೆ ಅಂತಲೇ ಅಲ್ವಾ ಅರ್ಥ? ನಿಲ್ಸಿ ಮೊದಲು!"

ಈ ತರ್ಕಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅವಳು ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟಿದ್ದಳು. ನಿಲ್ಲಿಸಿದೆ. ಬಾನೆಟ್ ಎತ್ತಿ ಹತ್ತು ನಿಮಿಷ ಮರದ ನೆರಳಲ್ಲಿ ನಿಂತೆವು. ಮಾವನ ಗಡಿಯಾರ ಉಳಿಸಿಕೊಟ್ಟಿದ್ದ ಹತ್ತು ನಿಮಿಷ ಅಲ್ಲಿಗೆ ಮುಗಿಯಿತು. ಆ ಮರ ಇದ್ದದ್ದು ಒಂದು ಪೆಟ್ರೋಲ್ ಬಂಕಿನ ಎದುರಿಗೆ ಎಂಬುದನ್ನು ಓದುಗರಿಂದ ಮುಚ್ಚಿಡುವ ಉದ್ದೇಶ ನನಗಿಲ್ಲ.

"ಹೆಂಗೂ ನಿಂತಿದೀವಿ. ಪೆಟ್ರೋಲ್ ಮುಳ್ಳು ಸೊನ್ನೆ ಹತ್ರ ಇದೆ. ಹಾಕಿಸಿಬಿಡಿ," ಎಂದಳು.

"ಏಳು ಗಾಡಿ ಸಾಲಲ್ಲಿವೆ. ಹೊತ್ತಾಗುತ್ತೆ. ಸೊನ್ನೆ ಕೆಳಗೆ ರಿಸರ್ವ್ ಇದೆಯಲ್ಲ, ಐದು ಲೀಟರ್. ನಲವತ್ತು ಕಿಲೋಮೀಟರ್. ಇನ್ನು ಹನ್ನೆರಡೇ ಹೋಗಬೇಕಾಗಿರೋದು."

"ಈಗ ತಾನೇ ಮುಳ್ಳನ್ನ ನಂಬಬೇಕು ಅಂದ್ರಿ."

"ಅದು ಬಿಸಿ ಮುಳ್ಳು. ಇದು ಪೆಟ್ರೋಲ್ ಮುಳ್ಳು. ಇದು ಸೊನ್ನೆ ಅಂದ್ರೆ ಸೊನ್ನೆ ಅಲ್ಲ. ಕಂಪನಿಯವರು ಇಟ್ಟ ರಿಸರ್ವ್ ಅನ್ನೋದು ಮುಳ್ಳಿನಲ್ಲಿ ಇರಲ್ಲ, ಟ್ಯಾಂಕಲ್ಲಿ ಇರುತ್ತೆ."

ಅವಳು ಬಂಕಿನ ಸಾಲನ್ನೊಮ್ಮೆ, ಕೈಗಡಿಯಾರವನ್ನೊಮ್ಮೆ ನೋಡಿದಳು. ಹತ್ತೊಂಬತ್ತು ವರ್ಷ ಸೊನ್ನೆಯ ಮೇಲೆ ಓಡಿದ ಕಾರಿನಲ್ಲಿ ಅವಳೂ ಕೂತಿದ್ದವಳೇ. "ನಂಗ್ಯಾಕೋ ಸರಿ ಅನ್ನಿಸ್ತಿಲ್ಲ," ಎಂದು ಮಾತ್ರ ಹೇಳಿ ಹತ್ತಿದಳು.

ಮುಂದೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಉದ್ದ ಮಾಡಿದರೆ ನನಗೇ ನೋವು. ಏಳು ಕಿಲೋಮೀಟರ್ ಆದ ಮೇಲೆ ಮೇಲ್ಸೇತುವೆಯ ಏರಿನ ಸರಿಯಾಗಿ ನಡುಮಧ್ಯದಲ್ಲಿ ಎಂಜಿನ್ ಎರಡು ಸಲ ಕೆಮ್ಮಿತು. ಮುಳ್ಳು ಸೊನ್ನೆಯನ್ನು ಮುಟ್ಟಿತು. ಕಾರು ನಿಂತಿತು. ಈ ಮೂರೂ ಕೆಲಸಗಳು ಒಂದೇ ಉಸಿರಿನಲ್ಲಿ, ಅಪಾರ ನಿಖರತೆಯಿಂದ ನಡೆದವು.

"ರಿಸರ್ವ್ ಹಾಕಿ," ಎಂದಳು.

"ಹಾಕೋದಲ್ಲ, ಅದಾಗೇ ಬರುತ್ತೆ."

"ಬರ್ತಿಲ್ವಲ್ಲ!"

ನಾನು ಕೀಲಿ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಹಿಂದಿನಿಂದ ಬಂದ ವಾಹನಗಳೆಲ್ಲ ಹಾರ್ನಿನಲ್ಲಿ ತಮ್ಮ ಅಭಿಪ್ರಾಯ ತಿಳಿಸಿ ಹೋದವು. ಗಂಟೆ ಹತ್ತೂವರೆ ದಾಟಿತ್ತು. ನನ್ನ ಹೆಂಡತಿ ಬೈಯಲಿಲ್ಲ. ಕೆಳಗಿಳಿದು, ಆರು ಜೊತೆಯನ್ನೂ ಎರಡು ಕೈ ಮೇಲೆ ಮಲಗಿಸಿಕೊಂಡು, ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಗ ಒಂದು ಬಿಳಿ ಕಾರು ಸದ್ದಿಲ್ಲದೆ ಬಂದು ನಿಂತಿತು. ಅದು ಬ್ಯಾಟರಿ ಕಾರು. ಅದರಲ್ಲಿದ್ದವನು ನಮ್ಮ ಎದುರು ಬೀದಿಯ ದರ್ಜಿ, ನನ್ನ ಹೆಂಡತಿಯ ಹದಿನೈದು ವರ್ಷದ ಪ್ರತಿಸ್ಪರ್ಧಿ. ನಮ್ಮ ಮನೆಯಲ್ಲಿ ಅವನಿಗೆ 'ಕತ್ತರಿ' ಎಂದು ಹೆಸರು. ಅವನ ಹಿಂದಿನ ಸೀಟಿನಲ್ಲೂ ಆರು ಜೊತೆ ನೇತಾಡುತ್ತಿದ್ದವು.

"ಏನಕ್ಕಾ, ಕೆಟ್ಟು ನಿಂತಿತಾ?"

"ಕೆಟ್ಟಿಲ್ಲ, ಸರಿಯಾಗಿದೆ," ಎಂದಳು ನನ್ನ ಹೆಂಡತಿ. "ಅದಕ್ಕೇ ನಿಂತಿದೆ."

ಕತ್ತರಿ ಒಂದು ಕ್ಷಣ ಯೋಚಿಸಿದ. ಬಿಟ್ಟುಹೋದರೆ ಅವನಿಗೆ ಒಬ್ಬ ಪ್ರತಿಸ್ಪರ್ಧಿ ಕಡಿಮೆ. ಆದರೆ ಹೊಲಿದ ಬಟ್ಟೆಗಳನ್ನು ಕೈಯಲ್ಲಿ ಹಿಡಿದು ದಾರಿಯಲ್ಲಿ ನಿಂತ ಇನ್ನೊಬ್ಬ ದರ್ಜಿಯನ್ನು ನೋಡಿ ಹಾಗೇ ಹೋಗಲು ಅವನಿಗೆ ಮನಸ್ಸಾಗಲಿಲ್ಲ. "ಹತ್ತಿ ಅಕ್ಕಾ, ಹತ್ತಿ. ಇಸ್ತ್ರಿ ಮುರಿಯುತ್ತೆ," ಎಂದ. ಅವಳು ಹತ್ತಿದಳು. ತಿರುಗಿಯೂ ನೋಡಲಿಲ್ಲ. ನಾನು ಕೈ ಬೀಸಿದೆ, ಹಿಂದೆ ಬರುತ್ತಿದ್ದ ಲಾರಿಯವನು ವಾಪಸ್ ಬೀಸಿದ.

ಬೇರೆ ದಾರಿ ಕಾಣದೆ ಮಾವನಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯ ಮೇಲೆ ಅವರು ಪೆಟ್ರೋಲ್ ಕ್ಯಾನಿನ ಜೊತೆ ಟ್ಯಾಕ್ಸಿಯಿಂದ ಇಳಿದರು. ಬಿಸಿಲಿಗೆ ಟೋಪಿ ಹಾಕಿಕೊಂಡಿದ್ದರು, ಮುಖದಲ್ಲಿ ಔಷಧಿ ಚೀಟಿ ಓದುವಾಗಿನ ಗಾಂಭೀರ್ಯ.

"ಸೊನ್ನೆ ಆದ್ಮೇಲೆ ಎಷ್ಟು ದೂರ ಓಡ್ತು ಅಳಿಯಂದ್ರೇ?"

"ಸೊನ್ನೆ ಆದ ತಕ್ಷಣ ನಿಂತೇಬಿಡ್ತು ಮಾವ. ರಿಸರ್ವ್ ಬರಲೇ ಇಲ್ಲ."

"ಯಾವ ರಿಸರ್ವ್?"

"ಅದೇ, ಕಂಪನಿಯವರು ಇಟ್ಟಿರೋದು. ಸೊನ್ನೆ ಕೆಳಗೆ ಐದು ಲೀಟರ್."

ಮಾವ ಕ್ಯಾನನ್ನು ಕೆಳಗಿಟ್ಟರು.

"ಆ ಕಂಪನಿಯವನು ನಾನೇ," ಎಂದರು.

ಸೇತುವೆಯ ಗೋಡೆಗೆ ಒರಗಿ ಅವರು ಹೇಳಿದ್ದಿಷ್ಟು. ಮದುವೆಯಾದ ಮೊದಲ ಆರು ವಾರದಲ್ಲಿ ನಾನು ಮೂರು ಸಲ ಪೆಟ್ರೋಲ್ ಮುಗಿಸಿಕೊಂಡು ದಾರಿಯಲ್ಲಿ ನಿಂತಿದ್ದೆನಂತೆ. (ನನ್ನ ನೆನಪಿನಲ್ಲಿ ಎರಡು.) ಮೂರನೇ ಸಲ ಅವರ ಮಗಳು ಹೊಸ ಚಪ್ಪಲಿಯಲ್ಲಿ ಕಾರು ತಳ್ಳಿಕೊಂಡು ಬಂದದ್ದನ್ನು ಅವರು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನೋಡಿದರಂತೆ, ನಾನು ಒಳಗೆ ಕೂತು ಸ್ಟೇರಿಂಗ್ ಹಿಡಿದಿದ್ದೆನಂತೆ. ಆ ಭಾನುವಾರ ಊಟವಾಗಿ ನಾನು ಮಲಗಿದ್ದಾಗ ಮಾವ ಡ್ಯಾಶ್‌ಬೋರ್ಡಿನ ಕೆಳಗೆ ತೂರಿ, ಡಬ್ಬಿಯ ತಿರುಪನ್ನು ಒಂದೂವರೆ ಸುತ್ತು ತಿರುಗಿಸಿದರು. ಹತ್ತು ವೋಲ್ಟ್ ಎಂಟಾಯಿತು. ಟ್ಯಾಂಕಿನಲ್ಲಿ ಐದು ಲೀಟರ್ ಇರುವಾಗಲೇ ಮುಳ್ಳು ಸೊನ್ನೆಗೆ ಬರತೊಡಗಿತು. ತಿರುಪು ಸಡಿಲವಾಗದಿರಲಿ ಎಂದು ಅತ್ತೆಯ ಉಗುರುಬಣ್ಣ ಒಂದು ತೊಟ್ಟು.

"ಅರೆಬರೆ ಮೆಕ್ಯಾನಿಕ್ ಅಂದುಕೊಂಡಿದ್ದೆ," ಎಂದುಬಿಟ್ಟೆ.

"ಏನಂದ್ರಿ?"

"ಏನಿಲ್ಲ ಮಾವ. ಇದು ಅವಳಿಗೆ ಗೊತ್ತಾ?"

"ಹೇಳಿರಲಿಲ್ಲ. ಆಗಿನ್ನೂ ಹೊಸದಾಗಿ ಮದುವೆ ಆಗಿತ್ತು, ಅವಳು ನಿಮಗೆ ಎಲ್ಲಾನೂ ಹೇಳ್ತಿದ್ಲು."

ಮೇಲಿನ ಕಾಲು ಭಾಗ ಕದ್ದ ತಪ್ಪೇ ಕೆಳಗೆ ಐದು ಲೀಟರನ್ನು ದಾನ ಮಾಡುತ್ತಿತ್ತು. ಎರಡನ್ನೂ ಒಂದೇ ಏಟಿಗೆ ತಿದ್ದಿದ್ದೆ. ನನ್ನ ವೃತ್ತಿಜೀವನದಲ್ಲಿ ಇಷ್ಟು ಶುದ್ಧವಾದ ಕರಡನ್ನು ನಾನು ಎಂದೂ ಕೊಟ್ಟಿರಲಿಲ್ಲ.

ಸಂಜೆ ಹೆಂಡತಿ ಮನೆಗೆ ಬಂದಳು, ಕತ್ತರಿಯ ಕಾರಿನಲ್ಲೇ. ಹತ್ತೂ ಐವತ್ತೆರಡಕ್ಕೆ ತಲುಪಿದ್ದಳಂತೆ. ಇಬ್ಬರು ದರ್ಜಿಗಳು ಒಂದೇ ಕಾರಿನಿಂದ ಹನ್ನೆರಡು ಜೊತೆ ಇಳಿಸುವುದನ್ನು ಆಸ್ಪತ್ರೆಯ ಮೇಟ್ರನ್ ಕಿಟಕಿಯಿಂದ ನೋಡಿ, ಇದು ಒಂದೇ ಅಂಗಡಿ, ಜನಬಲ ಚೆನ್ನಾಗಿದೆ ಎಂದು ತೀರ್ಮಾನಿಸಿಬಿಟ್ಟರು. ಅಲ್ಲವೆಂದು ಇಬ್ಬರೂ ಹೇಳಿದ ಮೇಲೂ ಅವರು ತಮ್ಮ ತೀರ್ಮಾನ ಬಿಡಲಿಲ್ಲ. ನರ್ಸು, ಆಯಾಗಳದು ನನ್ನ ಹೆಂಡತಿಗೆ, ವಾರ್ಡಿನವರದು, ಡ್ರೈವರುಗಳದು ಕತ್ತರಿಗೆ. ಇಬ್ಬರು ಹೆಂಗಸರ ಕೆಲಸ ಉಳಿಯಿತು. ಅವರಿಗೆ ಹೇಳಲೆಂದು ಕಲಿತಿದ್ದ ಮಾತನ್ನು ನನ್ನ ಹೆಂಡತಿ ಅಂದೇ ಮರೆತಳು. ಪೂರ್ತಿ ಆರ್ಡರ್ ಬಂದಿದ್ದರೆ ಹೊಲಿಗೆ ಅಂಗಡಿ ಹೊರಗೆ ಬಾಡಿಗೆ ಜಾಗಕ್ಕೆ ಹೋಗಿ ನನಗೆ ಹಜಾರ ಸಿಗುತ್ತಿತ್ತು. ಅರ್ಧ ಬಂದದ್ದರಿಂದ ನನ್ನ ಆರಾಮಕುರ್ಚಿ ಇಂದಿಗೂ ಹೊಲಿಗೆ ಮಿಷಿನ್ನಿನ ಮಗ್ಗುಲಲ್ಲೇ ಇದೆ.

ವಿಷಯವೆಲ್ಲ ಕೇಳಿದ ಮೇಲೆ ಅವಳು ನನ್ನ ಕಡೆ ತಿರುಗಲಿಲ್ಲ, ನನ್ನ ಜೊತೆ ಮನೆಗೆ ಬಂದು ಕೂತಿದ್ದ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಮೊದಲಿನ ಹಾಗೆ ಮಾಡ್ಕೊಡಿ."

"ಮೊದಲಿನ ಹಾಗೆ ಮಾಡಿದ್ರೆ ಇವರಿಗೆ ಈಗ ಲೆಕ್ಕ ಗೊತ್ತಲ್ಲಮ್ಮ. ಸೊನ್ನೆ ಆದ್ಮೇಲೂ ನಲವತ್ತು ಕಿಲೋಮೀಟರ್ ಓಡಿಸಿ ನಲವತ್ತೊಂದನೇದಕ್ಕೆ ನಿಲ್ತಾರೆ." ಮಾವ ಟಾರ್ಚ್ ಹಿಡಿದು ಶೆಡ್ಡಿಗೆ ನಡೆದರು. "ಈ ಸಲ ಎಷ್ಟು ಸುತ್ತು ತಿರುಗಿಸ್ತೀನೋ ಅಳಿಯಂದ್ರಿಗೆ ಹೇಳಲ್ಲ. ಸೊನ್ನೆ ಅಂದ್ರೆ ಎಂಟು ಲೀಟರ್ ಇರಬಹುದು, ಎರಡು ಇರಬಹುದು."

ಎಪ್ಪತ್ತೆಂಟರ ವಯಸ್ಸಿನಲ್ಲಿ ಅವರು ಕೀಲಿ ತಿರುಗಿಸಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ಒಂಬತ್ತು ನಿಮಿಷ ತಲೆ ಇಟ್ಟುಕೊಂಡಿದ್ದರು. ಹೊರಬಂದಾಗ ಬೆರಳಲ್ಲಿ ಉಗುರುಬಣ್ಣವಿತ್ತು. ನಾನು ಪಕ್ಕದಲ್ಲಿ ನಿಂತು ತುಟಿ ಕಚ್ಚಿ ನಗು ತಡೆದುಕೊಂಡೆ. ಆ ತಿರುಪು ಈಗ ಯಾವುದಕ್ಕೂ ಅಂಟಿರಲಿಲ್ಲವಲ್ಲ! ಅವರು ಒಂದೂವರೆ ಸುತ್ತು ತಿರುಗಿಸಲಿ, ಹದಿನೈದು ಸುತ್ತು ತಿರುಗಿಸಲಿ, ಮುಳ್ಳು ನಿಜವನ್ನೇ ಹೇಳುತ್ತದೆ. ಆ ಮನೆತನದ ಇತಿಹಾಸದಲ್ಲೇ ಮೊದಲ ಸಲ ಒಂದು ಯಂತ್ರ ಸತ್ಯಕ್ಕೆ ನಿಂತಿತ್ತು, ಅದನ್ನು ನಿಲ್ಲಿಸಿದವನು ನಾನು. ಬಾಯಿ ಬಿಟ್ಟರೆ ಡಬ್ಬಿಯನ್ನೇ ಕಿತ್ತು ಹಳೆಯದನ್ನು ಹಾಕಿಸುತ್ತಾರೆಂದು ಸುಮ್ಮನಾದೆ.

ನಗು ಮುಂದಿನ ವಾರದವರೆಗೆ ಉಳಿಯಿತು. ಹೊಲಿದ ಬಟ್ಟೆಗಳನ್ನು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಮುಟ್ಟಿಸಬೇಕಾಗಿತ್ತು, ಮುಟ್ಟಿಸಲು ಅವಳೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನೋಡುತ್ತೇನೆ, ಮುಳ್ಳು ಸೊನ್ನೆಯ ಹೊಸ್ತಿಲಲ್ಲಿದೆ, ಅವಳು ಬಟ್ಟೆ ತುಂಬಿಸುತ್ತಿದ್ದಾಳೆ.

"ಪೆಟ್ರೋಲ್ ಕಡಿಮೆ ಇದೆಯಲ್ಲೇ," ಎಂದೆ.

"ಇರ್ಲಿ ಬಿಡ್ರೀ. ಅಪ್ಪ ತಿರುಪು ತಿರುಗಿಸಿದಾರಲ್ಲ. ಒಳಗೆ ಇದ್ದೇ ಇರುತ್ತೆ."

ಒಳಗೆ ಏನೂ ಇರಲಿಲ್ಲ. ಅದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತಿತ್ತು. ಮೇಲ್ಸೇತುವೆಯ ಏರು, ಅವಳ ಎರಡು ಕೈ ಮೇಲೆ ಮಲಗಿದ್ದ ಬಟ್ಟೆಗಳು ಕಣ್ಣ ಮುಂದೆ ಬಂದವು. "ಒಂದು ನಿಮಿಷ ಇರು, ಟೈರಿಗೆ ಗಾಳಿ ಹೊಡೆಸ್ಕೊಂಡು ಬರ್ತೀನಿ," ಎಂದು ಕಾರು ತೆಗೆದುಕೊಂಡು ಓಡಿ, ಟ್ಯಾಂಕ್ ತುಂಬಿಸಿ ತಂದೆ.

ಅಂದಿನಿಂದ ನನ್ನ ಬಾಳು ಹೀಗಾಯಿತು. ಮುಳ್ಳು ಅರ್ಧಕ್ಕೆ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಗಾಳಿ ಹೊಡೆಸಲು, ಪೇಪರ್ ತರಲು, ಕ್ಷೌರಕ್ಕೆ, 'ಸುಮ್ಮನೆ ಎಂಜಿನ್ ಓಡಿಸಿ ಇಡಲು' ಎಂದು ನೆವ ಹೇಳಿ ಬಂಕಿಗೆ ಹೋಗುತ್ತೇನೆ. ನಾಲ್ಕು ತಿಂಗಳಲ್ಲಿ ಮುಳ್ಳು ಅರ್ಧದಿಂದ ಕೆಳಗೆ ಇಳಿಯಲಿಲ್ಲ. ಮಾವನ ಮೋಸವನ್ನು ಗುಟ್ಟಾಗಿ ಸೋಲಿಸುತ್ತಿದ್ದೇನೆಂಬ ಹೆಮ್ಮೆಯೂ ಒಳಗೊಳಗೇ ಇತ್ತು.

ಕಳೆದ ಭಾನುವಾರ ಪೇಪರ್ ತರುವ ನೆವದಿಂದ ಬಂಕಿಗೆ ಹೋಗಿ ಬಂದು, ಕಾರನ್ನು ಶೆಡ್ಡಿಗೆ ಹಾಕಿ ಹಜಾರದ ಬಾಗಿಲಿಗೆ ಬಂದಾಗ ಒಳಗಿನ ಮಾತು ಕೇಳಿಸಿತು.

"ಇವತ್ತೂ ಹೋಗಿದಾರಾ?" ಇದು ಮಾವ.

"ಹೋಗಿದಾರೆ. ಇವತ್ತು ಪೇಪರ್ ನೆವ. ನಾಲ್ಕು ತಿಂಗಳಿಂದ ನಾನು ಬಂಕಿನ ಮುಖ ನೋಡಿಲ್ಲ ಅಪ್ಪಾ. ಆವತ್ತು ನೀವು ಹೇಳಿಕೊಟ್ಟ ಹಾಗೆ ಒಂದೇ ಒಂದು ಸಲ 'ಒಳಗೆ ಇದ್ದೇ ಇರುತ್ತೆ' ಅಂದೆ ನೋಡಿ, ಅಷ್ಟೇ."

"ತಲೆ ಒಳಗಿಟ್ಟ ತಕ್ಷಣ ಗೊತ್ತಾಯ್ತಮ್ಮ. ಕೀಲಿ ತಿರುಗಿಸಿದ್ರೂ ಡಬ್ಬಿ ಟಿಕ್ ಅನ್ನಲಿಲ್ಲ. ತಿರುಪು ಬರೀ ಗಾಳಿಯಲ್ಲಿ ತಿರುಗ್ತಿತ್ತು. ಮುಳ್ಳು ನಿಜಾನೇ ಹೇಳ್ತಿದೆ, ಹೇಳಲಿ ಬಿಡು. ನಿಮ್ಮೆಜಮಾನ್ರಿಗೆ ಬೇಕಾಗಿದ್ದು ಮುಳ್ಳಲ್ಲ, ಹೆದರಿಕೆ."

ಹತ್ತೊಂಬತ್ತು ವರ್ಷದ ಹಿಂದೆ ನನಗೆ ಎಲ್ಲವನ್ನೂ ಹೇಳುತ್ತಿದ್ದ ಹೆಂಗಸು ನಕ್ಕ ಸದ್ದು ಕೇಳಿತು. ನಾನು ಎರಡು ಸಲ ಕೆಮ್ಮಿ ಒಳಗೆ ಹೋದೆ.

"ಪೇಪರ್ ಎಲ್ರೀ?" ಎಂದಳು.

ನನ್ನ ಕೈಯಲ್ಲಿ ಪೇಪರ್ ಇರಲಿಲ್ಲ. ಪೆಟ್ರೋಲ್ ವಾಸನೆ ಇತ್ತು. "ಮುಗಿದು ಹೋಗಿತ್ತು," ಎಂದೆ. ಮಾವ ಗಡಿಯಾರ ನೋಡುತ್ತಾ ಕೂತರು.

ಅಂದೇ ಶಪಥ ಮಾಡಿದೆ, ಇನ್ನು ಮುಂದೆ ಇವರ ಆಟಕ್ಕೆ ಸೊಪ್ಪು ಹಾಕುವುದಿಲ್ಲ, ಮುಳ್ಳು ಕಾಲಿಗೆ ಬರಲಿ, ಸೊನ್ನೆಗೆ ಬರಲಿ, ನನಗೇನಂತೆ. ಸೋಮವಾರ ಅವಳು ಆಸ್ಪತ್ರೆಗೆ ಹೋಗಿ ಬಂದಳು, ಆಮೇಲೆ ಬೇರೆಲ್ಲಿಗೋ ಹೋಗಿ ಬಂದಳು. ಮಂಗಳವಾರ ಬೆಳಿಗ್ಗೆ ಸುಮ್ಮನೆ, ಕೇವಲ ತಿಳಿದುಕೊಳ್ಳುವ ಕುತೂಹಲಕ್ಕೆ, ಶೆಡ್ಡಿಗೆ ಹೋಗಿ ಕೀಲಿ ತಿರುಗಿಸಿ ನೋಡಿದೆ. ಕೂದಲೆಳೆಯಷ್ಟು ಅರ್ಧಕ್ಕಿಂತ ಕೆಳಗಿತ್ತು.

ಬಂಕಿನಾತ ದೂರದಿಂದಲೇ ನನ್ನ ಹಸಿರು ಕಾರು ನೋಡಿ ಪೈಪು ಕೈಗೆತ್ತಿಕೊಂಡು ನಿಂತಿದ್ದ.

"ಸಾರ್, ಮೊನ್ನೆ ತಾನೇ ತುಂಬಿಸಿದ್ರಲ್ಲ?"

"ಅರ್ಧಕ್ಕೆ ಬಂದುಬಿಡ್ತಪ್ಪ," ಎಂದೆ, ಟ್ಯಾಂಕಿನ ಮುಚ್ಚಳ ತೆಗೆಯುತ್ತಾ.